ಕೂರಲು ಜಾಗವಿಲ್ಲದ ತಂಗುದಾಣ

ಹೋದ ತಿಂಗಳು ಮೂಡುಬಿದಿರೆಯಲ್ಲೊಂದು ಮದುವೆಯ ಊಟ ಮುಗಿಸಿ ಬಂಟ್ವಾಳದ ಕಡೆ ಬರುತ್ತಿದ್ದೆವು. ಕಾರು ಓಡಿಸುತ್ತಿದ್ದವನು ನನ್ನ ಅಳಿಯ. ಗಾಜು ಇಳಿಸುವುದೆಂದರೆ ಅವನಿಗೆ ಆಗದು. ಒಳಗಿನ ತಂಪು ಹೊರಗೆ ಹೋಗುತ್ತದಂತೆ. ನನಗೋ ಮದುವೆಯ ಊಟದ ಮೇಲೆ ಗಾಳಿ ಬೇಕು. ಹೆಣ್ಣು ಕೊಟ್ಟ ಮಾವ ಎಂಬ ಮರ್ಯಾದೆಗೆ ನಾಲ್ಕು ಬೆರಳಿನಷ್ಟು ಇಳಿಸಿಕೊಟ್ಟ. ಆ ಸಂದಿಯಿಂದಲೇ ಕುಕ್ಕುದಡಿಯ ವಾಸನೆ ಒಳಗೆ ಬಂತು.

ರಸ್ತೆ ಅಗಲ ಮಾಡುವುದಕ್ಕಾಗಿ ಅಲ್ಲಿ ಗುಡ್ಡದ ಬದಿಯ ಬರೆ ಕಡಿದಿದ್ದರು. ಹೊಸದಾಗಿ ಕಡಿದ ಕೆಂಪು ಮುರಕಲ್ಲಿನ ಮೇಲೆ ಮಳೆಯ ನಾಲ್ಕು ಹನಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆ ಎಂದು ಎಲ್ಲರೂ ಹೊಗಳುವುದು ಬೇರೆ. ಇದು ತುಕ್ಕು ಹಿಡಿದ ಹಳೆಯ ಟ್ರಂಕಿನ ಮುಚ್ಚಳ ತೆಗೆದ ಹಾಗೆ, ಮೂಗಿನ ಹಿಂದೆ ಎಲ್ಲೋ ಹೋಗಿ ಕೂರುವಂಥದು. "ಇಲ್ಲಿ ಒಂದು ಬಸ್ ಸ್ಟ್ಯಾಂಡ್ ಇತ್ತು," ಎಂದೆ.

"ಯಾರು ಕಟ್ಟಿಸಿದ್ದು ಮಾವ?"

"ನಾವು."

"ದೊಡ್ಡದಾ?"

"ಹತ್ತು ಜನ ನಿಲ್ಲಬಹುದಿತ್ತು."

"ನಿಲ್ಲುದಾ? ಕೂರ್ಲಿಕ್ಕೆ ಜಾಗ ಇರ್ಲಿಲ್ವಾ?"

ಅಳಿಯ ಒಂದೇ ಪ್ರಶ್ನೆಗೆ ವಿಷಯದ ಬುಡಕ್ಕೆ ಕೈ ಹಾಕಿದ್ದ. ಆದರೆ ಎದುರಿನಿಂದ ಟಿಪ್ಪರ್ ಲಾರಿ ಬಂತು, ಗಾಜು ಮೇಲೆ ಹೋಯಿತು, ಮಾತು ಅಲ್ಲಿಗೆ ನಿಂತಿತು. ಅವನಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಬಿ.ಸಿ.ರೋಡಿನಲ್ಲಿ ಬಸ್ಸುಗಳು ನಿಲ್ಲುವ ಜಾಗಕ್ಕೆ ಎದುರಾಗಿ, ಒಂದು ಹೋಟೆಲಿನ ಮಹಡಿಯಲ್ಲಿ ನನ್ನದೊಂದು ಕೋಣೆ ಇತ್ತು. ಹೊರಗೆ 'ಪ್ಲಾನ್ ಮತ್ತು ಎಸ್ಟಿಮೇಟ್' ಎಂಬ ಬೋರ್ಡು. ಒಳಗೆ ಒಂದು ಇಳಿಜಾರು ಮೇಜು, ಟಿ-ಸ್ಕ್ವೇರು, ಮತ್ತು ಕೆಳಗಿನಿಂದ ಏರಿ ಬರುವ ಸಾಂಬಾರಿನ ಪರಿಮಳ. ನಾನು ಓದಿದ್ದು ಡಿಪ್ಲೊಮಾ. ಆದರೆ ಊರಿನಲ್ಲಿ ಗೆರೆ ನೇರವಾಗಿ ಎಳೆಯಬಲ್ಲವನು ಒಬ್ಬನೇ ಇದ್ದರೆ ಅವನು ಇಂಜಿನಿಯರೇ ಆಗುತ್ತಾನೆ. ಕುಕ್ಕುದಡಿ ನನ್ನ ಊರು, ಮೂಡುಬಿದಿರೆ ರಸ್ತೆಯಲ್ಲಿ ಒಂದು ತಿರುವು, ಒಂದು ಮಾವಿನ ಮರ, ಒಂದು ಅಂಗಡಿ. ನನ್ನಲ್ಲಿ ಬಜಾಜ್ ಸ್ಕೂಟರ್ ಇದ್ದುದರಿಂದ ಬಸ್ಸೆಂಬುದು ನನ್ನ ಪಾಲಿಗೆ ಎದುರಿನಿಂದ ಬಂದು ಧೂಳೆರಚುವ ಒಂದು ಪ್ರಾಣಿ, ಅಷ್ಟೆ.

ಆ ತಿರುವಿನಲ್ಲಿ ಬಸ್ಸು ಕಾಯುವವರಿಗೆ ಒಂದು ತಂಗುದಾಣ ಬೇಕು ಎಂಬ ಮಾತು ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಎದ್ದಿತು. ಸಭೆ ಸೇರಿದ್ದು ಇದಿನಬ್ಬ ಬ್ಯಾರಿಗಳ ದಿನಸಿ ಅಂಗಡಿಯ ಜಗಲಿಯಲ್ಲಿ. ಇದಿನಬ್ಬ ಗಿಡ್ಡ ಆಳು, ದೊಡ್ಡ ಮಾತು. ಇಬ್ಬರು ಗಂಡುಮಕ್ಕಳು ಸೌದಿಯ ದಮ್ಮಾಮಿನಲ್ಲಿದ್ದರು. ಸಭೆಯ ತಾಂತ್ರಿಕ ಸಲಹೆಗಾರ ನಾನು, ಅಧ್ಯಕ್ಷರು ಮಂಜಪ್ಪ ಶೆಟ್ಟರು. ಆರಡಿ ಮೀರಿದ ಎತ್ತರ. ಊರಿನ ಹಳೆಯ ಯಜಮಾನಿಕೆಯ ತಮ್ಮ ಗುತ್ತಿನ ಮನೆಯ ತಗ್ಗು ಬಾಗಿಲು ಬಿಟ್ಟರೆ ಬೇರೆಲ್ಲೂ ತಲೆ ಬಗ್ಗಿಸಿದವರಲ್ಲ. ಮುಂಬಯಿಯಲ್ಲಿ ವರ್ಷಗಟ್ಟಲೆ ಹೋಟೆಲು ನಡೆಸಿ ವಾಪಸು ಬಂದಿದ್ದರು. ಹೋಟೆಲಿನವರಾದ್ದರಿಂದ ಯಾರನ್ನು ಕಂಡರೂ ಮೊದಲು ಬಾಯಿಗೆ ಬರುತ್ತಿದ್ದ ಮಾತು "ಕೂತ್ಕೊಳ್ಳಿ."

ನಾವೆಲ್ಲ ಮಾತಾಡುವುದು ತುಳು. ಆದರೆ ಸಭೆ ಎಂದ ಮೇಲೆ ಕನ್ನಡ. ಶೆಟ್ಟರು ಗಂಟಲು ಸರಿಮಾಡಿ "ಹಾಗಾದರೆ ಪ್ರಾರಂಭಿಸುವ" ಎಂದರೆ ಸಭೆ ಶುರು. ಯಾರಾದರೊಬ್ಬರು ಸಿಟ್ಟಿನಲ್ಲಿ ತುಳುವಿಗೆ ಇಳಿದರೆ ಸಭೆ ಮುಗಿದ ಲೆಕ್ಕ.

ಕಟ್ಟಡ ಕಟ್ಟುವ ಕ್ರಮವನ್ನು ನಾನು ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದು ಹೀಗೆ: ಮೊದಲು ಅಗತ್ಯ, ಆಮೇಲೆ ನಕ್ಷೆ, ಆಮೇಲೆ ಸಾಮಾನು. ನಮ್ಮ ಕಡೆಯ ಕ್ರಮ ಬೇರೆ. ಮೊದಲು ಯಾರು ಏನು ಕೊಡುತ್ತಾರೆ ಎಂಬುದು ನಿರ್ಣಯವಾಗಬೇಕು. ಕೊಟ್ಟದ್ದೆಲ್ಲ ಒಟ್ಟಾದ ಮೇಲೆ, ಯಾರಿಗೂ ಬೇಜಾರಾಗದ ಹಾಗೆ ಅದನ್ನೆಲ್ಲ ಒಂದರೊಳಗೊಂದು ಹೊಂದಿಸುವ ಕೆಲಸಕ್ಕೆ ಪ್ಲಾನ್ ಎಂದು ಹೆಸರು.

"ಜಾಗ ನನ್ನದು, ಕಲ್ಲು ನನ್ನದು," ಎಂದರು ಶೆಟ್ಟರು. "ಗೋಡೆಗೆ ತಾಗಿ ಕಡಪ ಕಲ್ಲಿನ ಒಂದು ಬೆಂಚು. ಈ ತುದಿಯಿಂದ ಆ ತುದಿಗೆ. ಬಂದವರು ಕೂತ್ಕೊಳ್ಬೇಕು."

"ಮೇಲಿನ ಮಾಡಿನ ಶೀಟು, ಪೈಪು ಎಲ್ಲ ನಮ್ಮ ಮಕ್ಕಳದ್ದು," ಎಂದರು ಇದಿನಬ್ಬ. "ಗಲ್ಫಿನ ಬಿಸಿಲು ತಿಂದವರು ಶೆಟ್ರೇ. ನೆರಳು ಅಂದ್ರೆ ಎಂತ ಅಂತ ಅವರಿಗೆ ಗೊತ್ತುಂಟು."

"ಕುಡಿಯುವ ನೀರು?"

"ಹೂಜಿ ನನ್ನ ಅಂಗಡಿಯಿಂದ."

"ಬರೀ ನೀರಾ?" ಎಂದರು ಶೆಟ್ಟರು. "ಒಟ್ಟಿಗೆ ಬೆಲ್ಲ ಬೇಡ್ವಾ? ಮನುಷ್ಯರು ಬರುದಲ್ವಾ ಮಾರಾಯ್ರೆ!"

ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ತಂಗುದಾಣದಲ್ಲಿ ಬೆಲ್ಲ ಇಟ್ಟರೆ ಇರುವೆ ಬರುತ್ತದೆಯೇ, ಡಬ್ಬಿಗೆ ಮುಚ್ಚಳ ಹಾಕಿದರೆ ಸಾಕೇ, ಮುಚ್ಚಳವನ್ನು ಯಾರಾದರೂ ಕೊಂಡುಹೋದರೆ ಏನು ಮಾಡುವುದು ಎಂಬ ಬಗ್ಗೆ ಆ ದಿನ ಗಂಭೀರವಾದ ಚರ್ಚೆಯಾಯಿತು. ಬೆಲ್ಲವನ್ನು ಸದ್ಯಕ್ಕೆ ಕೈಬಿಡುವುದೆಂದು ಭಾರವಾದ ಮನಸ್ಸಿನಿಂದ ತೀರ್ಮಾನಿಸಿದೆವು. ಬೆಂಚಿನ ಉದ್ದ, ಬಣ್ಣ, ಗೋಡೆಯಲ್ಲಿ ಬ್ಯಾಗು ತೂಗುಹಾಕುವ ಮೊಳೆ ಎಲ್ಲವೂ ಚರ್ಚೆಗೆ ಬಂದವು. ಬರದೇ ಉಳಿದ ವಿಷಯ ಬಸ್ಸು ಒಂದೇ.

ಸಭೆ ನಡೆಯುತ್ತಿದ್ದಾಗಲೇ ಸಂಜೆಯ ಬಸ್ಸಿನಿಂದ ವಾರಿಜ ಇಳಿದಳು. ಗುಡ್ಡದ ಮೇಲಿನ ಮನೆಯವಳು, ಮೂವತ್ತರ ಆಸುಪಾಸು. ಸಣ್ಣವಳಿರುವಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ದಿನಾ ಬಿ.ಸಿ.ರೋಡಿಗೆ ಹೋಗಿ ಒಂದು ಟೈಲರ್ ಅಂಗಡಿಯಲ್ಲಿ ಕೆಲಸ ಮಾಡಿ ಬರುವವಳು. ಗುಂಡಿ, ಹುಕ್ಸು, ಸೆರಗಿನ ಅಂಚು ಎಂದು ಶುರುಮಾಡಿ ಆ ವರ್ಷ ರವಿಕೆಯ ಕಟಿಂಗ್‌ವರೆಗೆ ಮುಟ್ಟಿದ್ದಳು. ಬಟ್ಟೆ ಹೊಲಿಯುವವರು ಅಂಗಡಿಯಲ್ಲಿ ಹಲವರಿರುತ್ತಾರೆ. ಕತ್ತರಿ ಹಿಡಿಯುವವರು ಒಬ್ಬರೇ. ಆ ಮೇಜಿನ ಎದುರು ನಿಲ್ಲುವುದೆಂದರೆ ಒಂದು ಪದವಿ.

"ವಾರಿಜಾ, ನಿನಗೆ ಕೂರ್ಲಿಕ್ಕೂ ಒಂದು ಜಾಗ ಆಗ್ತದೆ ಇನ್ನು!" ಎಂದರು ಶೆಟ್ಟರು ದೊಡ್ಡ ದನಿಯಲ್ಲಿ.

"ಕೂರ್ಲಿಕ್ಕೆ ನನಗೆ ಇಡೀ ದಿನ ಮಿಷಿನಿನ ಎದುರು ಜಾಗ ಉಂಟು ಶೆಟ್ರೇ," ಎಂದು ಅವಳು ನಗುತ್ತಾ ದಾಟಿ ಹೋದಳು.

ನಾವೂ ನಕ್ಕೆವು. ಆಮೇಲೆ ಬೆಂಚಿನ ಅಗಲದ ವಿಷಯಕ್ಕೆ ಮರಳಿದೆವು.

ಕೆಲಸ ಬೇಗ ಏರಿತು. ಬಾಬು ಮೇಸ್ತ್ರಿ ಹಿಂದಿನ ಗೋಡೆ ಎಬ್ಬಿಸಿದ. ನಾಲ್ಕು ಪೈಪುಗಳನ್ನು ಹೊಂಡ ತೋಡಿ ಕಾಂಕ್ರೀಟಿನಲ್ಲಿ ನೆಟ್ಟ. ಮೂಡುಬಿದಿರೆಯ ವೆಲ್ಡರ್ ಬಂದು ಮಾಡು ಹೊಂದಿಸಿ ಹೋದ. ಮಧ್ಯಾಹ್ನ ಗೇರುಹಣ್ಣಿನ ಅಮಲು ವಾಸನೆ, ಸಂಜೆ ಮೂಡಣದಲ್ಲಿ ಗುಡುಗು. ಇದಿನಬ್ಬರು ಅಂಗಡಿಯ ಗಲ್ಲಾ ಬಿಟ್ಟು ದಿನಕ್ಕೆ ಹತ್ತು ಸಲ ರಸ್ತೆ ದಾಟಿ ಬಂದು ಮಾಡನ್ನು ಕೆಳಗಿನಿಂದ ನೋಡುವರು. ಬೆಂಚು ಕೂತ ದಿನ ಶೆಟ್ಟರು ಅದರ ಮೇಲೆ ಕುಳಿತು, ಎದ್ದು, ಇನ್ನೊಂದು ತುದಿಯಲ್ಲಿ ಕುಳಿತು, "ಅಡ್ಡಿಯಿಲ್ಲ" ಎಂದರು. ಅವರ ಬಾಯಲ್ಲಿ ಅದು ಬಹುಮಾನ.

ಒಂದೇ ಒಂದು ಅಪಸ್ವರ ಉಳಿದಿತ್ತು. ವಾರಿಜಳ ಮನೆಯ ಕಾಲುದಾರಿ ಗುಡ್ಡ ಇಳಿದು ಬಂದು ಒಂದು ಮುರಕಲ್ಲಿನ ಹಾಸುಬಂಡೆಯ ಮೇಲೆ, ನಮ್ಮ ಮಾತಿನಲ್ಲಿ ಪಾದೆಯ ಮೇಲೆ, ಮುಗಿಯುತ್ತಿತ್ತು. ತಂಗುದಾಣದ ಪಕ್ಕದಲ್ಲೇ ಆ ಪಾದೆ ನಾಲಗೆ ಚಾಚಿದ ಹಾಗೆ ರಸ್ತೆಯ ಅಂಚಿನವರೆಗೆ ಬಂದಿತ್ತು, ಸುಮಾರು ಮೊಣಕಾಲೆತ್ತರ. ಹೊಸ ಕಟ್ಟಡದ ಪಕ್ಕದಲ್ಲಿ ಅದು ಮುರಿದ ಹಲ್ಲಿನ ಹಾಗೆ ಕಾಣುತ್ತದೆ ಎಂದು ಶೆಟ್ಟರಿಗೆ ಅನಿಸಿತು. ಎಲ್ಲರಿಗೂ ಅನಿಸಿತು. ಒಂದು ಭಾನುವಾರ ಶ್ರಮದಾನ. ಹಾರೆ, ಪಿಕ್ಕಾಸು, ಅವಲಕ್ಕಿ, ಇದಿನಬ್ಬರ ಚಹಾ. ಸಂಜೆಗೆ ಪಾದೆ ಇಲ್ಲ. ನೆಲ ರಸ್ತೆಯ ಮಟ್ಟಕ್ಕೆ ಚಾಪೆ ಹಾಸಿದ ಹಾಗೆ. ಗುಡ್ಡದಿಂದ ಬರುವ ದಾರಿಗೆ ಬಾಬು ಮೇಸ್ತ್ರಿ ಚೆಂದದ ಗಿಡ್ಡ ಮೆಟ್ಟಿಲುಗಳನ್ನು ಕೊರೆದುಕೊಟ್ಟ, ವಾರಿಜಳ ಊರುಗೋಲಿಗೆ ಸುಲಭವಾಗಲೆಂದೇ. ಆ ದಿನ ನಾವೆಲ್ಲ ಸಂತೃಪ್ತರಾಗಿ ಮನೆಗೆ ಹೋದೆವು. ಪರೋಪಕಾರ ಮಾಡಿದ ಬೆನ್ನುನೋವಿಗೆ ಒಂದು ವಿಶೇಷ ಸುಖವಿದೆ.

ಮರುದಿನ ಬೆಳಿಗ್ಗೆ ನಡೆದದ್ದನ್ನು ಕಂಡವರು ಇದಿನಬ್ಬರೊಬ್ಬರೇ. ವಾರಿಜ ಹೊಸ ಮೆಟ್ಟಿಲು ಇಳಿದು ಬಂದಳಂತೆ. ಪಾದೆ ಇದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳಂತೆ. ಬಸ್ಸು ಬಂದಾಗ ಕಂಡಕ್ಟರ್ ಇಳಿದು ಕೈ ಚಾಚಿದರೆ ತಲೆಯಲ್ಲಾಡಿಸಿ, "ಎಂತದೋ ಮರೆತು ಬಂದೆ, ನೀವು ಹೋಗಿ" ಎಂದು ತಿರುಗಿ ಗುಡ್ಡ ಹತ್ತಿದಳಂತೆ. "ಮರೆತು ಬಂದಿದ್ದಾಳಂತೆ ಪಾಪ," ಎಂದು ಇದಿನಬ್ಬರೂ ಅದನ್ನು ಮರೆತರು.

ಆ ಗುರುವಾರ ಅದೇ ಬಸ್ಸಿನ ಕಂಡಕ್ಟರ್ ಸದಾಶಿವ ಬಿ.ಸಿ.ರೋಡಿನಲ್ಲಿ ನನ್ನ ಮಹಡಿ ಹತ್ತಿ ಬಂದ. ಕುಳಿತುಕೊಳ್ಳಲಿಲ್ಲ, ಬಸ್ಸಿನವರಿಗೆ ಕುಳಿತರೆ ಟೈಮಿಂಗ್ ತಪ್ಪುತ್ತದೆ.

"ಇಂಜಿನಿಯರ್ರೇ, ವಾರಿಜಕ್ಕನಿಗೆ ಹುಷಾರಿಲ್ವಾ? ಟೈಲರ್ ಯಜಮಾನ್ರು ನನ್ನ ಹತ್ರ ಹೇಳಿ ಕಳಿಸಿದ್ದಾರೆ. ಮದುವೆಯ ಬಟ್ಟೆಗಳು ರಾಶಿ ಬಿದ್ದಿವೆಯಂತೆ. ಸೋಮವಾರ ಬರದಿದ್ರೆ ಕಟಿಂಗ್ ಟೇಬಲಿಗೆ ಬೇರೆಯವಳನ್ನು ಮಾಡ್ತಾರಂತೆ."

"ನನಗೆ ಗೊತ್ತಿಲ್ಲ ಮಾರಾಯ. ಜ್ವರವೋ ಏನೋ."

"ಜ್ವರ ಅಲ್ಲ," ಎಂದ ಸದಾಶಿವ. ನನ್ನ ನಕ್ಷೆಯ ಮೇಜನ್ನು ನೋಡಿದ. "ನೀವು ಆ ಪಾದೆ ತೆಗೆದದ್ದು ಯಾಕೆ? ನಾವು ದಿನಾ ಬಸ್ಸಿನ ಬಾಗಿಲು ಸರೀ ಆ ಪಾದೆಗೆ ತಾಗುವ ಹಾಗೆ ನಿಲ್ಲಿಸುದಲ್ವಾ? ಅವಳು ಅದರ ಮೇಲಿಂದ ಫುಟ್‌ಬೋರ್ಡಿಗೆ ಒಂದೇ ಹೆಜ್ಜೆ. ಮಟ್ಟಕ್ಕೆ ಮಟ್ಟ. ಈಗ ನೆಲದಿಂದ ಹೇಗೆ ಹತ್ತುದು ಅವಳು?"

ಕೆಳಗೆ ಅವನ ಬಸ್ಸು ಹಾರ್ನು ಹೊಡೆಯಿತು. ಅವನು ಓಡಿದ. ನಾನು ಸ್ಕೂಟರಿನ ಕೀಲಿ ಹುಡುಕತೊಡಗಿದೆ.

ನಾವು ಒಂದು ತಂಗುದಾಣ ಕಟ್ಟಿರಲಿಲ್ಲ. ಒಂದು ಚಾವಡಿ ಕಟ್ಟಿದ್ದೆವು. ಬರುವವರು ನೆಂಟರು, ಅವರಿಗೆ ನೆರಳು, ಆಸನ, ನೀರು, ಸಾಧ್ಯವಾದರೆ ಬೆಲ್ಲ. ಅವರು ಒಂದು ಗಳಿಗೆ ಬಿಟ್ಟು ಎದ್ದು ಹೋಗಬೇಕಾದವರು ಎಂಬುದು ನಮ್ಮ ಯಾರ ತಲೆಗೂ ಹೋಗಿರಲಿಲ್ಲ. ಬಂದವರನ್ನು ಕೂರಿಸುವ ವಿದ್ಯೆಯಲ್ಲಿ ನಮ್ಮ ಸೀಮೆಯವರನ್ನು ಮೀರಿಸುವವರಿಲ್ಲ. ಹೊರಡುವವರಿಗೆ "ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಎನ್ನುವುದಷ್ಟೇ ನಮಗೆ ಗೊತ್ತಿರುವುದು.

ಅಂದು ಸಂಜೆ ಶೆಟ್ಟರು, ಇದಿನಬ್ಬ ಮತ್ತು ನಾನು ಬಾಬು ಮೇಸ್ತ್ರಿಯ ಚೆಂದದ ಮೆಟ್ಟಿಲು ಹತ್ತಿ ವಾರಿಜಳ ಮನೆಗೆ ಹೋದೆವು. ಅವಳು ಜಗಲಿಯಲ್ಲಿ ಕುಳಿತು ಕೈಯಲ್ಲೇ ಏನೋ ಅಂಚು ಹೊಲಿಯುತ್ತಿದ್ದಳು. ಅವಳ ಅಮ್ಮ ಬೆಲ್ಲ, ನೀರು ತಂದಿಟ್ಟರು. ನಾವು ಮೂವರೂ ಬೆಲ್ಲ ಮುಟ್ಟದೆ ನೀರು ಮಾತ್ರ ಕುಡಿದೆವು.

"ನೀನು ಒಂದು ಮಾತು ಹೇಳ್ಬಾರದಿತ್ತಾ ವಾರಿಜಾ?" ಎಂದರು ಶೆಟ್ಟರು.

"ಹೇಗೆ ಹೇಳುದು? ನೀವೆಲ್ಲ ಅಷ್ಟು ಖುಷಿಯಲ್ಲಿ ಕಡೀತಾ ಇದ್ರಿ. ನಾನು ಇಲ್ಲಿಂದ ನೋಡ್ತಾ ಇದ್ದೆ. ಇದಿನಬ್ಬಾಕ ಹಾಡು ಬೇರೆ ಹೇಳ್ತಿದ್ರು."

ಇದಿನಬ್ಬರು ಟೊಪ್ಪಿ ಸರಿಮಾಡಿಕೊಂಡರು. "ಸರಿ, ಆದದ್ದಾಯ್ತು. ನನ್ನ ಅಂಗಡಿಯಲ್ಲಿ ಒಂದು ಸ್ಟೂಲು ಉಂಟು. ಬಸ್ಸು ಬರುವಾಗ ನಾನು ತಂದು ಇಡ್ತೇನೆ. ದಿನಾ. ನನ್ನ ಜವಾಬ್ದಾರಿ."

"ನಿಮ್ಮ ಮೊಮ್ಮಗಳ ಮದುವೆಗೆ ನೀವು ಕನ್ಯಾನಕ್ಕೆ ಹೋದ ದಿನ?"

"ಆ ದಿನ... ಶೆಟ್ರು ಇಡ್ತಾರೆ."

"ಶೆಟ್ರು ಏಳುವ ಮೊದಲು ನನ್ನ ಬಸ್ಸು ಹೋಗ್ತದೆ. ಅಲ್ಲ ಇದಿನಬ್ಬಾಕ, ನಾನು ಕೆಲಸಕ್ಕೆ ಹೋಗುದು ಯಾರನ್ನೂ ಕಾಯ್ಬಾರದು ಅಂತ. ಬಸ್ಸು ಕಾಯುದೇ ಸಾಕು. ಅದರ ಒಟ್ಟಿಗೆ ಇನ್ನು ಸ್ಟೂಲು ಕಾಯುದಾ?"

"ಹಾಗಾದ್ರೆ ಸದಾಶಿವ ಒಂದು ಕೈ ಕೊಟ್ಟರೆ—"

"ಅವನು ಎತ್ತುದು, ಒಳಗಿನಿಂದ ಇಬ್ಬರು ಎಳೆಯುದು. ನಾನೆಂತ ಅಕ್ಕಿ ಮೂಟೆಯಾ?" ಸೂಜಿ ನಿಂತಿತು. "ಇಳಿಯುದು ನನಗೆ ಕಷ್ಟ ಇಲ್ಲ. ಇಳಿಯುವವರನ್ನು ಭೂಮಿಯೇ ಎಳ್ಕೊಳ್ತದೆ. ಹತ್ತುವವರಿಗೆ ಮಾತ್ರ ತಮ್ಮದೇ ಒಂದು ಹೆಜ್ಜೆ ಬೇಕು. ಅದೊಂದು ಇತ್ತು ನನಗೆ ಅಲ್ಲಿ."

ನನಗೆ ಆ ಹೊತ್ತಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಡಿಪ್ಲೊಮಾ ಓದಿದವನ ಉತ್ತರ. "ಪಾದೆ ಇದ್ದಲ್ಲೇ ಒಂದು ಕಟ್ಟೆ ಕಟ್ಟುವ," ಎಂದೆ. "ಅಷ್ಟೇ ಎತ್ತರ, ಅಷ್ಟೇ ಉದ್ದ. ಎರಡು ದಿನದ ಕೆಲಸ. ವಾರಿಜಳಿಗೆ ಅಂತಲೇ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನನಗೊಬ್ಬಳಿಗೆ ಒಂದು ಕಟ್ಟೆಯಾ, ಭೂತದ ಕಟ್ಟೆಯ ಹಾಗೆ? ನಾನು ಅದರ ಮೇಲೆ ಮಳೆಗೆ ಕೊಡೆ ಹಿಡ್ಕೊಂಡು, ನೀವೆಲ್ಲ ಪಕ್ಕದಲ್ಲಿ ಮಾಡಿನಡಿ ಕೂತು ನೋಡುದು? ನಾಲ್ಕು ದಿನ ಹೋದ್ರೆ ಜನ ಅಲ್ಲಿ ಹೂವು ಇಡ್ಲಿಕ್ಕೆ ಶುರು ಮಾಡ್ತಾರೆ ಇಂಜಿನಿಯರ್ರೇ."

ಇದಿನಬ್ಬರು ನಕ್ಕುಬಿಟ್ಟರು. ಅವಳೂ ನಕ್ಕಳು. ಆದರೆ ನಗು ಮುಗಿದ ಮೇಲೆ ಅವಳ ಕಣ್ಣು ಕತ್ತಲಾಗುತ್ತಿದ್ದ ರಸ್ತೆಯ ಕಡೆಗೇ ಇತ್ತು. "ಸೋಮವಾರ ಅಂತೆ ಅಲ್ವಾ?" ಎಂದಳು. ಸುದ್ದಿ ಅವಳಿಗೆ ನನಗಿಂತ ಮೊದಲೇ ಮುಟ್ಟಿತ್ತು.

ನಾವು ಗುಡ್ಡ ಇಳಿದೆವು. ತಂಗುದಾಣದ ಎದುರು ಬಂದು ನಿಂತೆವು. ಶೆಟ್ಟರು ಒಳಗೆ ಹೋಗಿ ತಮ್ಮ ಬೆಂಚಿನ ಮೇಲೆ ಕುಳಿತರು. ಕೈಯಲ್ಲಿ ಬೆಂಚನ್ನು ತಟ್ಟಿ ಕೇಳಿದರು: "ಇಂಜಿನಿಯರ್ರೇ, ಇದರ ಎತ್ತರ ಎಷ್ಟು?"

"ಒಂದೂವರೆ ಅಡಿ."

"ಬಸ್ಸಿನ ಫುಟ್‌ಬೋರ್ಡು ಎಷ್ಟು?"

ನನಗೆ ಗೊತ್ತಿರಲಿಲ್ಲ. ಬಸ್ ತಂಗುದಾಣದ ನಕ್ಷೆಗೆ ಸಹಿ ಹಾಕಿದ್ದ ತಾಂತ್ರಿಕ ಸಲಹೆಗಾರನಿಗೆ ಬಸ್ಸಿನ ಎತ್ತರ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಟೇಪು ಹಿಡಿದು ತಿರುವಿನಲ್ಲಿ ನಿಂತೆ. ಇದಿನಬ್ಬರು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವುದು, ನಾನು ಬಗ್ಗಿ ಅಳೆಯುವುದು. ಖಾಸಗಿ ಬಸ್ಸಿನ ಕಂಡಕ್ಟರುಗಳು ಆ ಬೆಳಿಗ್ಗೆ ನನ್ನ ವಂಶದ ಬಗ್ಗೆ ಹೇಳಿದ ಮಾತುಗಳು ತುಳುವಿನಲ್ಲಿದ್ದುದರಿಂದ ಇಲ್ಲಿ ಕೊಡುವುದಿಲ್ಲ. ಹಿಂದಿನಿಂದ ಇನ್ನೊಂದು ಬಸ್ಸು ಬಂದು ಪ್ಯಾಸೆಂಜರುಗಳನ್ನು ಎತ್ತಿಕೊಂಡು ಹೋಗುತ್ತದೆ ಎಂಬ ಭಯ ಅವರಿಗೆ. "ಹತ್ತುದಾದ್ರೆ ಹತ್ತಿ, ಪೂಜೆ ಮಾಡುದಾದ್ರೆ ಡಿಪೋಗೆ ಬನ್ನಿ!" ಎಂದು ಒಬ್ಬ ಕೂಗಿದ.

ತಿಳಿದುಬಂದದ್ದೇನೆಂದರೆ ಬಸ್ಸಿಗೆ ಎತ್ತರವೇ ಇಲ್ಲ. ಖಾಲಿ ಬಸ್ಸು ಬೀಗರ ಮನೆಗೆ ಬಂದವರ ಹಾಗೆ ಎತ್ತರದಲ್ಲಿರುತ್ತದೆ. ಬಾಗಿಲವರೆಗೆ ಜನ ತುಂಬಿದರೆ ಅಡಿಯ ಸ್ಪ್ರಿಂಗ್ ಪ್ಲೇಟು ಕುಸಿದು ಕೆಳಗಿಳಿಯುತ್ತದೆ. ಸದಾಶಿವನ ಬಸ್ಸು ಬಂದಾಗ ಎಂದಿನಂತೆ ತುಂಬಿತ್ತು. ಟೇಪು ಹಿಡಿದೆ. ಬೆಂಚಿನ ಎತ್ತರಕ್ಕೂ ಅದರ ಫುಟ್‌ಬೋರ್ಡಿಗೂ ಒಂದು ಬೆರಳಿನ ವ್ಯತ್ಯಾಸ.

ಶೆಟ್ಟರಿಗೆ ಹೇಳಿದೆ. ಅವರು ಬೆಂಚಿನ ಮೇಲೆ ಕೈ ಸವರಿದರು. ಮಂಗಳೂರಿನಿಂದ ಬೈಹುಲ್ಲು ಹಾಸಿದ ಟೆಂಪೋದಲ್ಲಿ ತರಿಸಿದ ಕಲ್ಲು ಅದು.

"ನೆಲವನ್ನು ಬೆಂಚಿನ ಮಟ್ಟಕ್ಕೆ ಎಬ್ಬಿಸುವ," ಎಂದರು. "ಇಡೀ ನೆಲ. ಈ ಗೋಡೆಯಿಂದ ರಸ್ತೆಯ ಅಂಚಿಗೆ. ಗುಡ್ಡದ ದಾರಿ ಸೀದಾ ಇದರ ಮೇಲೆಯೇ ಬಂದು ಸೇರ್ಲಿ. ಅವಳು ನಿಂತಲ್ಲೇ ಎಲ್ಲರೂ ನಿಲ್ಲುದು."

ಬಾಬು ಮೇಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದ. "ಶೆಟ್ರೇ, ಆಗ ಬೆಂಚು ನೆಲದೊಳಗೆ ಹೋಗ್ತದೆ. ಕೂರ್ಲಿಕ್ಕೆ ಎಂತದೂ ಇರುದಿಲ್ಲ."

"ಕೂರುವವರು ಮನೆಯಲ್ಲಿ ಕೂರ್ಲಿ."

ಮುಂಬಯಿಯಲ್ಲಿ ಮೂರು ಹೋಟೆಲು ನಡೆಸಿದ ಬಾಯಿಂದ ಆ ಮಾತು ಬಂತು. ಇದಿನಬ್ಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಮಾಡು?" ಎಂದ ಮೇಸ್ತ್ರಿ. "ಪೈಪು ಕಾಂಕ್ರೀಟಿನಲ್ಲಿ ಹೂತಿದೆ. ನೆಲ ಎದ್ದರೆ ಮಾಡು ಏಳುದಿಲ್ಲ. ನಿಮ್ಮ ತಲೆಗೆ ಹೊಡೀತದೆ. ವೆಲ್ಡರ್ ಬಂದು ಪೈಪು ಕಡಿದು ಜೋಡಿಸ್ಬೇಕಾದ್ರೆ ಮಳೆಗಾಲ ಬರ್ತದೆ."

"ಉಳಿದವರ ತಲೆಗೆ?"

"ಉಳಿದವರಿಗೆ ಅಡ್ಡಿಯಿಲ್ಲ."

"ಹಾಗಾದ್ರೆ ನಾನು ಬಗ್ಗುತ್ತೇನೆ."

"ಶೆಟ್ರೇ," ಎಂದರು ಇದಿನಬ್ಬರು ಮೆಲ್ಲಗೆ, "ನಿಮ್ಮ ತಲೆ ಒಮ್ಮೆ ಬಗ್ಗಿಸ್ಲಿಕ್ಕೆ ನನ್ನ ಮಕ್ಕಳು ದಮ್ಮಾಮಿನಲ್ಲಿ ಇಷ್ಟು ವರ್ಷ ದುಡಿಯಬೇಕಾಯ್ತು ನೋಡಿ."

"ಬ್ಯಾರಿ, ನೀನು ಸ್ಟೂಲಿನ ಮೇಲೆ ನಿಂತ್ರೂ ನಿನಗೆ ತಾಗುದಿಲ್ಲ, ಸುಮ್ಮನಿರು," ಎಂದರು ಶೆಟ್ಟರು ತುಳುವಿನಲ್ಲಿ. ಸಭೆ ಮುಗಿಯಿತು.

ಆಮೇಲಿನ ಕೆಲಸಕ್ಕೆ ನಕ್ಷೆ ಇರಲಿಲ್ಲ, ನಿರ್ಣಯವೂ ಇರಲಿಲ್ಲ. ನಾವೇ ಕಡಿದು ರಸ್ತೆ ಬದಿಗೆ ರಾಶಿ ಹಾಕಿದ್ದ ಪಾದೆಯ ತುಂಡುಗಳನ್ನು ನಾವೇ ಹೊತ್ತು ತಂದು ಒಳಗೆ ತುಂಬಿಸಿದೆವು. ಭಾನುವಾರ ಅವಲಕ್ಕಿ ತಿಂದು ಕಡಿದವರೇ ಈಗ ಅವಲಕ್ಕಿ ಇಲ್ಲದೆ ಹೊತ್ತರು. ಇದಿನಬ್ಬರು ಈ ಸಲ ಹಾಡು ಹೇಳಲಿಲ್ಲ. ಬಾಬು ಮೇಸ್ತ್ರಿ ಕಲ್ಲು ಕೂರಿಸಿ, ಎದುರಿನ ಅಂಚನ್ನು ನೂಲು ಹಿಡಿದು ಕಟ್ಟಿ, ಮೇಲೆ ಸಿಮೆಂಟು ಹಾಕಿ, ಊರುಗೋಲು ಜಾರದ ಹಾಗೆ ಹಸಿ ನೆಲಕ್ಕೆ ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಗೀರು ಎಳೆದ. ರಸ್ತೆಯಿಂದ ಬರುವವರಿಗೆಂದು ಪಕ್ಕದಲ್ಲಿ ಎರಡು ಮೆಟ್ಟಿಲು ಮಾಡಿದ. ಕಾಲುಗಳು ಗಟ್ಟಿ ಇರುವವರು ಮೆಟ್ಟಿಲು ಹತ್ತಬೇಕು, ವಾರಿಜಳಿಗೆ ಸಮತಟ್ಟು ದಾರಿ. ಗುಡ್ಡದ ಬದಿಗೆ ತಾನು ಅಷ್ಟು ಚೆಂದಕ್ಕೆ ಕೊರೆದಿದ್ದ ಮೆಟ್ಟಿಲುಗಳಲ್ಲಿ ಕೆಳಗಿನವನ್ನು ಅವನೇ ಕಲ್ಲು ತುಂಬಿ ಮುಚ್ಚಿದ.

ಸಿಮೆಂಟು ಹಾಕಿದ ಸಂಜೆಯೇ ಮೋಡ ಕಟ್ಟಿತು. ಬೆಳ್ತಂಗಡಿಯ ಕಡೆಯಿಂದ ಗಾಳಿ ಎದ್ದು, ಮಾವಿನ ಮರದ ಕಾಯಿಗಳು ಉದುರತೊಡಗಿದವು. ಹಸಿ ನೆಲದ ಮೇಲೆ ಓರೆಮಳೆ ಹೊಡೆದರೆ ಸೋಮವಾರ ಇಲ್ಲ. ಇದಿನಬ್ಬರು ಅಂಗಡಿಗೆ ಓಡಿ ಅಕ್ಕಿಯ ಮೂಟೆಗಳಿಗೆ ಹೊದಿಸಿದ್ದ ತಾಡಪತ್ರಿಯನ್ನೇ ಎಳೆದುತಂದರು.

"ಅಕ್ಕಿ ಒದ್ದೆ ಆಗ್ತದೆ ಮಾರಾಯ್ರೆ!" ಎಂದೆ.

"ಅಕ್ಕಿಯನ್ನು ಒಣಗಿಸ್ಬಹುದು. ಸಿಮೆಂಟನ್ನು ಪುನಃ ಹಸಿ ಮಾಡ್ಲಿಕ್ಕೆ ಆಗ್ತದಾ? ಆ ಮೂಲೆ ಹಿಡೀರಿ ನೀವು, ವಿಚಾರ ಆಮೇಲೆ!"

ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ನಾವು ನಾಲ್ವರು ನಿಂತೆವು. ಒಬ್ಬ ಗುತ್ತಿನ ಶೆಟ್ಟರು, ಒಬ್ಬ ಬ್ಯಾರಿ, ಒಬ್ಬ ಮೇಸ್ತ್ರಿ, ಒಬ್ಬ ಡಿಪ್ಲೊಮಾ. ಶೆಟ್ಟರ ಮೂಲೆ ಎತ್ತರದಲ್ಲಿ, ಇದಿನಬ್ಬರದ್ದು ತಗ್ಗಿನಲ್ಲಿ, ಹಾಗಾಗಿ ನೀರೆಲ್ಲ ಇಳಿದದ್ದು ಇದಿನಬ್ಬರ ಕುತ್ತಿಗೆಗೆ. ಮಳೆ ನಿಲ್ಲುವವರೆಗೂ ಅವರು ಶೆಟ್ಟರನ್ನು ಬೈಯುತ್ತಲೇ ಇದ್ದರು, ಮೂಲೆ ಮಾತ್ರ ಬಿಡಲಿಲ್ಲ. ನೆಲ ಉಳಿಯಿತು.

ಸೋಮವಾರ ಬೆಳಿಗ್ಗೆ ನಾನು ಸ್ಕೂಟರು ತಿರುವಿನಲ್ಲಿ ನಿಲ್ಲಿಸಿದಾಗ ಶೆಟ್ಟರು ಆಗಲೇ ಮಾಡಿನ ಕೆಳಗೆ ಕುತ್ತಿಗೆ ಓರೆ ಮಾಡಿ ನಿಂತಿದ್ದರು. ಬೆಳಗಿನ ಗಾಳಿ ಒಳ್ಳೆಯದೆಂದು ವೈದ್ಯರು ಹೇಳಿದ್ದಾರಂತೆ. ಇದಿನಬ್ಬರು ಅಂಗಡಿ ಬಿಟ್ಟು ಬಂದಿದ್ದರು. ಹೂಜಿಗೆ ನೀರು ತುಂಬಿಸಲು. ಹೂಜಿ ಕೈಯಲ್ಲಿರಲಿಲ್ಲ. ಬಾಬು ಮೇಸ್ತ್ರಿ ಕರಣೆ ಹಿಡಿದು, ಎಲ್ಲವೂ ಸರಿಯಿದ್ದ ಅಂಚನ್ನು ಮತ್ತೆ ಮತ್ತೆ ನೋಡುತ್ತಿದ್ದ. ನನ್ನ ಕಾರಣವನ್ನು ಯಾರೂ ಕೇಳಲಿಲ್ಲ; ನನ್ನ ಬಳಿ ಅದು ಇರಲೂ ಇಲ್ಲ.

ವಾರಿಜ ಗುಡ್ಡ ಇಳಿದು ಬಂದಳು. ನೀಲಿ ಸೀರೆ, ಹೆಗಲಲ್ಲಿ ಬ್ಯಾಗು. ಹೊಸ ನೆಲದ ಅಂಚಿಗೆ ಬಂದು ಊರುಗೋಲಿನಿಂದ ಒಮ್ಮೆ ಕುಟ್ಟಿದಳು, ಹಲಸಿನಹಣ್ಣು ನೋಡುವವರ ಹಾಗೆ. ಒಳಗೆ ಬಂದಳು. ನಮ್ಮ ಮೇಲೆ ಕಣ್ಣಾಡಿಸಿದಳು. ಬೆಂಚು ಇದ್ದ ಜಾಗವನ್ನು ನೋಡಿದಳು. ಕಡಪ ಕಲ್ಲು ಈಗ ನೆಲದಲ್ಲಿ ಒಂದು ಕಪ್ಪು ಪಟ್ಟಿಯಾಗಿತ್ತು. ಶೆಟ್ಟರ ಓರೆ ಕುತ್ತಿಗೆಯನ್ನೂ ನೋಡಿದಳು. ಮುಂದೆ ಹೋಗಿ ಅಂಚಿನಲ್ಲಿ ನಿಂತಳು.

ಮೇಲಿನ ತಿರುವಿನಲ್ಲಿ ಹಾರ್ನು ಕೇಳಿತು. ನಾವು ನಾಲ್ವರೂ ಒಂದು ಹೆಜ್ಜೆ ಮುಂದೆ ಬಂದೆವು. ಅವಳು ತಿರುಗಿದಳು.

"ಎಂತ ನೋಡುದು? ನಾನೆಂತ ಯಕ್ಷಗಾನದ ವೇಷವಾ?"

"ಇಲ್ಲ, ನಾವು ಸುಮ್ಮನೆ..." ಎಂದರು ಇದಿನಬ್ಬರು.

"ಸುಮ್ಮನೆ ನೋಡುದಾದ್ರೆ ಆ ಕಡೆ ನೋಡಿ. ನೀವು ನಾಲ್ಕು ಜನ ಹೀಗೆ ಉಸಿರು ಕಟ್ಟಿ ನಿಂತ್ರೆ ನನ್ನ ಕಾಲು ತಪ್ಪುತ್ತದೆ."

ಅಧ್ಯಕ್ಷರು ಮೊದಲು ತಿರುಗಿದರು. ಆಮೇಲೆ ಇದಿನಬ್ಬರು, ಮೇಸ್ತ್ರಿ, ನಾನು. ನಾಲ್ವರೂ ರಸ್ತೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ನಿಂತೆವು. ಗೋಡೆಗೆ ಇನ್ನೂ ಬಣ್ಣ ಆಗಿರಲಿಲ್ಲ. ಮುರಕಲ್ಲಿನ ತೂತುಗಳನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಬಸ್ಸು ಬಂತು. ಬ್ರೇಕಿನ ಶಬ್ದ, ಡೀಸೆಲ್ಲಿನ ಬಿಸಿ ಗಾಳಿ ಬೆನ್ನಿಗೆ ತಾಗಿತು. ಒಳಗಿನಿಂದ ಸದಾಶಿವ "ದುಂಬು ಪೋಲೆ, ದುಂಬು ಪೋಲೆ" ಎಂದು ಜನರನ್ನು ಮುಂದಕ್ಕೆ ತಳ್ಳುತ್ತಿದ್ದವನು ಒಮ್ಮೆಗೇ ಸುಮ್ಮನಾದ. ಅಷ್ಟು ತುಂಬಿದ ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಊರುಗೋಲು ಸಿಮೆಂಟಿನ ಮೇಲೆ ಟಕ್ ಎಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಫುಟ್‌ಬೋರ್ಡಿನ ತಗಡಿನ ಮೇಲೆ ಠಣ್.

"ರೈಟ್! ಪೋಯಿ ಪೋಯಿ!"

ಬಸ್ಸು ಹೊರಟಿತು. ನಾವು ಕದಲಲಿಲ್ಲ.

"ಹತ್ತಿದಳಾ?" ಎಂದು ಶೆಟ್ಟರು ಗೋಡೆಯನ್ನೇ ಕೇಳಿದರು.

"ತಿರುಗ್ಬೇಡಿ ಶೆಟ್ರೇ," ಎಂದರು ಇದಿನಬ್ಬರು. "ಹಿಂದಿನ ಗಾಜಿನಿಂದ ನೋಡ್ತಾ ಇರ್ತಾಳೆ. ಬಸ್ಸು ತಿರುವು ದಾಟ್ಲಿ."

ಬಸ್ಸಿನ ಶಬ್ದ ಪೂರ್ತಿ ಅಡಗುವವರೆಗೆ ನಾವು ನಾಲ್ವರೂ ಆ ಗೋಡೆಯನ್ನು ನೋಡುತ್ತಾ ನಿಂತಿದ್ದೆವು.